ಎಳ್ಳು-ಬೆಲ್ಲ ಬೇಡ ಅಂದರು: ಕೆಲಸ ಬಿಟ್ಟು ದಾವಣಗೆರೆಗೆ ಬಂದುಬಿಡಲೇ?

ಪ್ರಶ್ನೆ

ಮೇಡಂ, ನಾನು ದಾವಣಗೆರೆಯವಳು. ವಯಸ್ಸು 33. ಎಂ.ಎಸ್ಸಿ. ಫಿಸಿಕ್ಸ್, ಬಿ.ಇಡಿ. ಆಗಿದೆ. ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಎಂಟು ವರ್ಷ ಪಾಠ ಮಾಡಿದೆ. ಕಳೆದ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರ್ ಹತ್ತಿರದ ಒಂದು ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಫಿಸಿಕ್ಸ್ ಟೀಚರ್ ಆಗಿದ್ದೇನೆ. ನಮ್ಮ ಯಜಮಾನರು ಮತ್ತು ಐದು ವರ್ಷದ ಮಗ ಅತ್ತೆಯವರ ಜೊತೆ ಊರಲ್ಲೇ ಇದ್ದಾರೆ.

ಇಲ್ಲಿ ಯಾರೂ ನನಗೆ ದೊಡ್ಡ ಅನ್ಯಾಯ ಮಾಡಿಲ್ಲ. ಆದರೆ ದಿನಾ ಏನೋ ಒಂದು ಚುಚ್ಚುತ್ತೆ. ಕ್ಲಾಸಿಗೆ ಹೋದರೆ ಮಕ್ಕಳು ಎದ್ದು ನಿಲ್ಲುವುದಿಲ್ಲ. ಹೆಸರೂ ಇಲ್ಲ, ಬರೀ ‘ಮಿಸ್’. 9ನೇ ತರಗತಿಯಲ್ಲಿ ನಾನು ‘ವೇವ್’ ಅಂದರೆ ಹಿಂದಿನವರು ಹಾಗೇ ಅಣಕಿಸಿ ನಗುತ್ತಾರೆ. ಸಹೋದ್ಯೋಗಿಗಳು ‘ಆಲ್ ರೈಟ್?’ ಅಂತ ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದೇ ಇಲ್ಲ. ಅಳುತ್ತಿದ್ದ ಹುಡುಗಿಯ ತಲೆ ಸವರಿದ್ದಕ್ಕೆ ‘ಸ್ವಲ್ಪ ಹುಷಾರಾಗಿರಿ’ ಅಂತ ಕರೆದು ಹೇಳಿದರು. ನನ್ನ ಪಾಠ ನೋಡಲು ಬಂದ ವಿಭಾಗದ ಮುಖ್ಯಸ್ಥರು ‘ಸೀಟಿಂಗ್ ಪ್ಲ್ಯಾನ್ (ಯಾವ ಮಗು ಎಲ್ಲಿ ಕೂರಬೇಕು ಅನ್ನುವ ಪಟ್ಟಿ) ಬಗ್ಗೆ ಯೋಚನೆ ಮಾಡಬಹುದೇನೋ’ ಅಂದಿದ್ದರು. ಬೇಕಾದರೆ ಮಾಡಿ ಅಂತ ತಿಳಿದುಕೊಂಡೆ. ಮೂರು ವಾರ ಬಿಟ್ಟು ‘ಹೇಳಿದ್ದು ಮಾಡಿಲ್ಲ’ ಅಂತ ಬರೆದು ಕೊಟ್ಟರು.

ಸಂಕ್ರಾಂತಿಗೆ ರಾತ್ರಿಯೆಲ್ಲ ಕೂತು ಎಳ್ಳು-ಬೆಲ್ಲ ಮಾಡಿ ಸ್ಟಾಫ್ ರೂಮಿಗೆ ಒಯ್ದೆ. ಒಬ್ಬರು ಡಬ್ಬಿ ನೋಡಿದ ಕೂಡಲೇ ಮುಚ್ಚಳ ಹಾಕಿ, ‘ಇದನ್ನು ಶಾಲೆಯಲ್ಲಿ ಇಡೋ ಹಾಗಿಲ್ಲ, ಕಾರಲ್ಲಿಡಿ’ ಅಂದರು. ನನ್ನ ಹತ್ತಿರ ಕಾರಿಲ್ಲ. ಡಬ್ಬಿ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಅವತ್ತಿನಿಂದ ನಿದ್ದೆ ಸರಿಯಿಲ್ಲ. ಭಾನುವಾರ ಸಂಜೆ ಆದರೆ ಹೊಟ್ಟೆ ತೊಳಸುತ್ತೆ. ಅಮ್ಮ ‘ಬಂದುಬಿಡು’ ಅಂತಾರೆ. ಯಜಮಾನರು ‘ಸಾಲ ಇದೆ, ಒಂದು ವರ್ಷ ತಾಳು, ತಾನಾಗೇ ಸರಿಹೋಗುತ್ತೆ’ ಅಂತಾರೆ. ನನ್ನ ಮನಸ್ಸು ಇಷ್ಟು ದುರ್ಬಲವೇ? ಇದು ಖಿನ್ನತೆಯೇ? ನಾನು ಏನು ಮಾಡಲಿ?

ಉತ್ತರ

ತಂಗಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಡಬ್ಬಿಯ ಮೇಲೆ. ಕೊಬ್ಬರಿ ಹೆಚ್ಚಿ, ಶೇಂಗಾ ಹುರಿದು ಸಿಪ್ಪೆ ತೆಗೆದು, ಬೆಲ್ಲ ಸಣ್ಣಗೆ ಕತ್ತರಿಸಿ ಕೂಡಿಸುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು. ‘ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡೋಣ’ ಅಂತ ಕೊಡುವ ವಸ್ತು ಅದು. ಅದನ್ನು ಬೇಡ ಅಂದರೆ ತಿಂಡಿಯನ್ನಲ್ಲ, ನಮ್ಮನ್ನೇ ಬೇಡ ಅಂದ ಹಾಗೆ ಅನಿಸುತ್ತದೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಅಲ್ಲಿ ಆಹಾರದ ಮೇಲೆ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿ ಪದಾರ್ಥಗಳಿವೆ. ಅದರಲ್ಲಿ ಶೇಂಗಾ ಒಂದು, ಎಳ್ಳು ಇನ್ನೊಂದು. ನೀವು ಒಯ್ದ ಡಬ್ಬಿಯಲ್ಲಿ ಎರಡೂ ಇದ್ದವು. 2016ರಲ್ಲಿ 15 ವರ್ಷದ ನತಾಶಾ ಎಂಬ ಹುಡುಗಿ ವಿಮಾನ ಹತ್ತುವ ಮುಂಚೆ ಕೊಂಡು ತಿಂದ ಬ್ರೆಡ್ಡಿನ ಹಿಟ್ಟಿನಲ್ಲಿ ಎಳ್ಳು ಸೇರಿತ್ತು. ಪೊಟ್ಟಣದ ಮೇಲೆ ಅದನ್ನು ಬರೆದಿರಲಿಲ್ಲ. ಆ ಮಗು ಉಳಿಯಲಿಲ್ಲ. ಆಕೆಯ ತಂದೆ-ತಾಯಿ ಹೋರಾಡಿದರು. 2021ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ತಯಾರಿಸಿ ಪ್ಯಾಕ್ ಮಾಡಿಟ್ಟ ತಿಂಡಿಗೂ ಪದಾರ್ಥಗಳ ಪೂರ್ತಿ ಪಟ್ಟಿ ಕಡ್ಡಾಯವಾಯಿತು. ಜನ ಅದನ್ನು ‘ನತಾಶಾ ಕಾನೂನು’ ಅಂತಲೇ ಕರೆಯುತ್ತಾರೆ. ಎಷ್ಟೋ ಶಾಲೆಗಳು ಶೇಂಗಾ, ಗೋಡಂಬಿ, ಬಾದಾಮಿ ಯಾವುದನ್ನೂ ಒಳಗೆ ಬಿಡುವುದಿಲ್ಲ. ಮುಚ್ಚಳ ಹಾಕಿದ ಆ ಸಹೋದ್ಯೋಗಿಗೆ ಕಂಡಿದ್ದು ನಿಮ್ಮ ಹಬ್ಬ ಅಲ್ಲ, ಯಾವುದೋ ಮಗುವಿನ ಉಸಿರು.

ಹಾಗಂತ ನಿಮ್ಮ ನೋವು ತಪ್ಪು ಅನ್ನುತ್ತಿಲ್ಲ. ‘ಏನು ವಿಶೇಷ ಇವತ್ತು? ಅಲರ್ಜಿ ಇರೋ ಮಕ್ಕಳಿದ್ದಾರೆ, ದಯವಿಟ್ಟು ಬೇಜಾರಾಗಬೇಡಿ’ ಅಂತ ಅವರು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅದು ಅವರ ಕೊರತೆ. ಆದರೆ ಅದು ತಿರಸ್ಕಾರ ಅಲ್ಲ. ಇವೆರಡರ ನಡುವೆ ಇರುವ ವ್ಯತ್ಯಾಸದ ಮೇಲೇ ನಿಮ್ಮ ಮುಂದಿನ ದಿನಗಳು ನಿಂತಿವೆ ಅಂತ ನನಗೆ ಅನಿಸುತ್ತದೆ.

ನಾನು 14 ವರ್ಷ ಇಂಗ್ಲೆಂಡಿನ ಶಾಲೆಗಳಲ್ಲಿ ವಿಜ್ಞಾನ ಕಲಿಸಿದೆ. ಈಗ ದಾವಣಗೆರೆಯಲ್ಲಿ, ಹೊರದೇಶಕ್ಕೆ ಹೊರಟ ಶಿಕ್ಷಕರನ್ನು ತಯಾರು ಮಾಡುತ್ತೇನೆ. ನನ್ನ ಹತ್ತಿರ ಬರುವವರ ಕಷ್ಟ ಹೆಚ್ಚಾಗಿ ದೊಡ್ಡ ಸಂಗತಿಗಳಿಂದ ಬರುವುದಿಲ್ಲ. ಚಳಿ ಇರುತ್ತೆ ಅಂತ ಸ್ವೆಟರ್ ಒಯ್ದಿರುತ್ತಾರೆ. ರೊಟ್ಟಿ ಸಿಗಲ್ಲ ಅಂತ ಜೋಳದ ಹಿಟ್ಟು ಕಟ್ಟಿಕೊಂಡು ಹೋಗಿರುತ್ತಾರೆ. ‘ಆಲ್ ರೈಟ್?’ ಅನ್ನುವ ಒಂದು ಮಾತಿಗೆ ಮಾತ್ರ ಯಾರೂ ತಯಾರಾಗಿರುವುದಿಲ್ಲ.

ನನ್ನದೇ ಮೊದಲ ಚಳಿಗಾಲ ಹೇಳುತ್ತೇನೆ. ಊರಲ್ಲಿ ಅಮ್ಮನಿಗೆ ಆಪರೇಷನ್ ಆಗಿತ್ತು. ಕಾರಿಡಾರಿನಲ್ಲಿ ಒಬ್ಬ ಸಹೋದ್ಯೋಗಿ ‘ಯು ಆಲ್ ರೈಟ್?’ ಅಂದರು. ನಾನು ನಿಂತು ಅಮ್ಮನ ವಿಷಯ ಹೇಳಲು ಶುರು ಮಾಡಿದೆ. ಅವರು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರು. ಶೌಚಾಲಯಕ್ಕೆ ಹೋಗಿ ಅತ್ತೆ. ಎರಡು ದಿನ ಬಿಟ್ಟು ಸ್ಟಾಫ್ ರೂಮಿನ ನನ್ನ ಗೂಡಿನಲ್ಲಿ ಒಂದು ಕಾರ್ಡ್ ಇತ್ತು. ಅಮ್ಮ ಬೇಗ ಹುಷಾರಾಗಲಿ ಅಂತ ಕೈಯಲ್ಲಿ ಬರೆದಿದ್ದರು. ಬರೆದವರು ಅವರೇ. ಬೇರೆ ಯಾರೋ ಹೇಳಿ ಅವರಿಗೆ ತಿಳಿದಿತ್ತು. ಅಲ್ಲಿ ಕಾಳಜಿ ಬರುವ ದಾರಿ ಅದು ಅಂತ ನನಗೆ ಅವತ್ತು ಗೊತ್ತಾಯಿತು.

ನಾವು ‘ಊಟ ಆಯ್ತಾ?’ ಅಂತ ಕೇಳುತ್ತೇವಲ್ಲ, ಏನಡುಗೆ ಅಂತ ತಿಳಿದುಕೊಳ್ಳಲು ಕೇಳುತ್ತೇವಾ? ನಿನ್ನನ್ನು ನೋಡಿದೆ, ಗುರುತಿಸಿದೆ ಅಂತ ಅರ್ಥ. ‘ಆಲ್ ರೈಟ್?’ ಕೂಡ ಅಷ್ಟೇ. ಉತ್ತರ: ‘ಆಲ್ ರೈಟ್, ಯು?’ ಅಂದು ನಡೆಯುತ್ತಾ ಹೋಗುವುದು. ನಿಜವಾಗಿ ಮಾತಾಡಬೇಕು ಅನಿಸಿದರೆ ‘ಐದು ನಿಮಿಷ ಸಿಗುತ್ತಾ?’ ಅಂತ ಕೇಳಿ. ಹಾಗೆ ಕೇಳಿದರೆ ಕೂತು ಕೇಳುತ್ತಾರೆ. ನನಗೆ ಆ ಐದು ನಿಮಿಷ ಇಲ್ಲ ಅಂದವರು ಬಹಳ ಕಡಿಮೆ.

‘ಕಲ್ಚರ್ ಶಾಕ್’ ಎಂಬ ಮಾತನ್ನು ಜನಪ್ರಿಯ ಮಾಡಿದವರು ಕೆನಡಾದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹೊರದೇಶದಿಂದ ಬಂದು ನೆಲೆಸಿದ್ದ ಮಹಿಳೆಯರ ಮುಂದೆ ಅವರು ಇದರ ಬಗ್ಗೆ ಮಾತಾಡಿದರು. ಅವರು ಹೇಳಿದ್ದರ ಸಾರ ಇಷ್ಟು: ಯಾರಿಗೆ ಯಾವಾಗ ಕೈ ಕೊಡಬೇಕು, ಕರೆದರೆ ಹೋಗಬೇಕೋ ಬೇಡವೋ, ಯಾವ ಮಾತನ್ನು ನಿಜ ಅಂದುಕೊಳ್ಳಬೇಕು, ಇಂಥ ಸಾವಿರ ಗುರುತುಗಳನ್ನು ನಾವು ಯೋಚಿಸದೇ ಬಳಸುತ್ತಿರುತ್ತೇವೆ. ಹೊಸ ನಾಡಿನಲ್ಲಿ ಅವೆಲ್ಲ ಒಟ್ಟಿಗೆ ಕೈಬಿಡುತ್ತವೆ. ಆಗ ಬರುವ ಆತಂಕವೇ ಇದು.

ನೀವು ದುರ್ಬಲರೇ ಅಂತ ಕೇಳಿದಿರಲ್ಲ, ಉತ್ತರ ಇದರಲ್ಲೇ ಇದೆ. ಎಂಟು ವರ್ಷ ಪಾಠ ಮಾಡಿದವರು ನೀವು. ಕ್ಲಾಸಿನ ಬಾಗಿಲಲ್ಲಿ ನಿಂತರೆ ಯಾವ ಹುಡುಗ ಹೋಮ್‌ವರ್ಕ್ ಮಾಡಿಲ್ಲ ಅಂತ ಮುಖ ನೋಡಿ ಹೇಳುತ್ತಿದ್ದಿರಿ. ಅಷ್ಟು ಚೆನ್ನಾಗಿ ಗುರುತು ಓದುತ್ತಿದ್ದವರಿಗೇ ಅದು ತಪ್ಪಿದಾಗ ಜಾಸ್ತಿ ಪೆಟ್ಟು. ಹೊಸಬರಿಗಿಂತ ಅನುಭವಿ ಶಿಕ್ಷಕರು ಅಲ್ಲಿ ಹೆಚ್ಚು ಒದ್ದಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿಮ್ಮ ಯಜಮಾನರ ‘ತಾನಾಗೇ ಸರಿಹೋಗುತ್ತೆ’ ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಅಂತ ಒಂದು ಗೆರೆ ಎಲ್ಲ ಕಡೆ ತೋರಿಸುತ್ತಾರೆ. 1955ರಲ್ಲಿ ಸ್ವೆರ್ರೆ ಲಿಸ್ಗಾರ್ಡ್ ಅನ್ನುವವರು ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿ ಬರೆದದ್ದರಿಂದ ಹುಟ್ಟಿದ ಗೆರೆ ಅದು. 1998ರಲ್ಲಿ ಕೊಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಗಮನಿಸಿದರು. ಅಲ್ಲಿ ಕಷ್ಟ ಹೆಚ್ಚಿದ್ದದ್ದು ಶುರುವಿನಲ್ಲೇ. ಗೆರೆಯಲ್ಲಿ ತೋರಿಸುವ ಆ ಮೊದಲ ಖುಷಿಯ ಕಾಲವೇ ಕಾಣಲಿಲ್ಲ. ಅಂದಮೇಲೆ ಆ ಗೆರೆಯನ್ನು ರೈಲಿನ ವೇಳಾಪಟ್ಟಿಯ ಹಾಗೆ ನಂಬಬೇಡಿ. ಸುಮ್ನೆ ಕಾಲ ಕಳೆದರೆ ಸರಿಹೋಗಲ್ಲ. ಗುರುತುಗಳನ್ನು ಕಲಿತರೆ ಸರಿಹೋಗುತ್ತದೆ.

ಇನ್ನು ಕ್ಲಾಸಿನ ಒಳಗೆ ಬರೋಣ.

ಮಕ್ಕಳು ಏಳುವುದಿಲ್ಲ ಅಂದಿರಿ. ಅಲ್ಲಿನ ಹೆಚ್ಚಿನ ಶಾಲೆಗಳಲ್ಲಿ ಆ ಪದ್ಧತಿ ಇಲ್ಲ, ಯಾರಿಗೂ ಏಳುವುದಿಲ್ಲ. ‘ಮಿಸ್’ ಅನ್ನುವುದು ನಮ್ಮ ಕಾನ್ವೆಂಟ್ ಮಕ್ಕಳೂ ಅನ್ನುವ ಮಾತೇ ಅಲ್ವಾ? ಮದುವೆಯಾದವರಿಗೂ ಅಲ್ಲಿ ಮಿಸ್ಸೇ. ಗಂಡಸರಾದರೆ ‘ಸರ್’. ಅಗೌರವ ಹುಡುಕಬೇಕಾದ ಜಾಗ ಇದಲ್ಲ. ಪಾಠ ಮುಗಿದು ಹೊರಗೆ ಹೋಗುವಾಗ ಎಷ್ಟು ಮಕ್ಕಳು ‘ಥ್ಯಾಂಕ್ಸ್ ಮಿಸ್’ ಅನ್ನುತ್ತಾರೆ ಅಂತ ನಾಳೆ ಎಣಿಸಿ ನೋಡಿ. ನಮ್ಮಲ್ಲಿ ಗೌರವ ಪಾಠದ ಶುರುವಿಗೆ ಬರುತ್ತದೆ, ಅಲ್ಲಿ ಕೊನೆಗೆ.

‘ವೇವ್’ ವಿಷಯ ಬೇರೆ. ಇದರಲ್ಲಿ ಮಕ್ಕಳ ತುಂಟತನವೂ ಇದೆ, ನಾವು ಕಲಿಯಬೇಕಾದ್ದೂ ಇದೆ. ಕನ್ನಡದಲ್ಲಿ ‘ವ’ ಒಂದೇ. ಇಂಗ್ಲಿಷ್‌ನಲ್ಲಿ ಎರಡು. ಫಿಸಿಕ್ಸ್ ಪಾಠದಲ್ಲಂತೂ ಇವೆರಡರದ್ದೇ ರಾಜ್ಯ: ವೆಲಾಸಿಟಿ, ವೋಲ್ಟ್, ವೆಕ್ಟರ್ ಒಂದು ಗುಂಪು. ವೇಟ್, ವಾಟ್, ವರ್ಕ್ ಇನ್ನೊಂದು ಗುಂಪು. ‘ವೇವ್’ ಪದದಲ್ಲಿ ಎರಡೂ ಇವೆ. ಮೊದಲನೆಯ ಗುಂಪಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎರಡನೆಯದಕ್ಕೆ ಹಲ್ಲು ತಾಗಲೇಬಾರದು, ‘ಉ’ ಅನ್ನುವ ಹಾಗೆ ತುಟಿ ಗುಂಡಗೆ ಮಾಡಿ ಬಿಡಬೇಕು. ಕನ್ನಡಿ ಮುಂದೆ ದಿನಾ ಹತ್ತು ನಿಮಿಷದಂತೆ ಎರಡು ವಾರ ಮಾಡಿದರೆ ವ್ಯತ್ಯಾಸ ಬರುತ್ತದೆ. ಇದಕ್ಕಿಂತ ಮುಖ್ಯ ಇನ್ನೊಂದಿದೆ. ನಾವು ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಮಾತಾಡುತ್ತೇವೆ. ಅವರು ಒಂದು ಅಕ್ಷರವನ್ನು ಒತ್ತಿ ಉಳಿದದ್ದನ್ನು ಸಣ್ಣ ಮಾಡುತ್ತಾರೆ. ‘ಎನರ್ಜಿ’ಯಲ್ಲಿ ಒತ್ತು ‘ಎ’ ಮೇಲೆ. ನಾವು ‘ನ’ ಒತ್ತಿದರೆ ಆ ಮಗುವಿಗೆ ಪದವೇ ತಿಳಿಯುವುದಿಲ್ಲ. ಮುಖ್ಯ ಪದಗಳನ್ನು ಹೇಳುವ ಹೊತ್ತಿಗೇ ಬೋರ್ಡ್ ಮೇಲೆ ಬರೆದುಬಿಡಿ. ‘ಎನಿ ಡೌಟ್ಸ್?’ ಅಂತ ಕೇಳುವುದನ್ನು ಬಿಟ್ಟು ‘ಎನಿ ಕ್ವೆಶ್ಚನ್ಸ್?’ ಅನ್ನಿ. ಅಲ್ಲಿ ಡೌಟ್ ಅಂದರೆ ಅಪನಂಬಿಕೆ. ನಮ್ಮ ನುಡಿಯ ಸೊಗಡನ್ನು ತೊಳೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಅದು ಇರಲಿ. ಪಾಠ ಮಗುವಿಗೆ ತಲುಪಬೇಕು, ಅಷ್ಟೇ.

ತುಂಟತನಕ್ಕೆ ಮದ್ದು ಬೇರೆ. ದಾವಣಗೆರೆಯಲ್ಲಿ ಟೀಚರ್ ಅನ್ನುವ ಕುರ್ಚಿಗೇ ಒಂದು ಬಲ ಇದೆ. ಕಣ್ಣು ಬಿಟ್ಟರೆ ಸಾಕು. ಅಲ್ಲಿ ಆ ಬಲ ಶಾಲೆಯ ನಿಯಮದಲ್ಲಿದೆ. ಮೊದಲ ಎಚ್ಚರಿಕೆ, ಎರಡನೇ ಎಚ್ಚರಿಕೆ, ಡಿಟೆನ್ಷನ್ (ಬಿಡುವಿನಲ್ಲೋ ಶಾಲೆ ಬಿಟ್ಟ ಮೇಲೋ ಕೂರಿಸುವ ಶಿಕ್ಷೆ), ಅದಕ್ಕೂ ಬಗ್ಗದಿದ್ದರೆ ಹಿರಿಯ ಶಿಕ್ಷಕರನ್ನು ಕರೆಸುವುದು. ಪ್ರತಿ ಶಾಲೆಗೂ ಅದರದ್ದೇ ಮಾತು, ಅದರದ್ದೇ ಮೆಟ್ಟಿಲು. ನಮ್ಮವರು ಎರಡು ತಪ್ಪು ಮಾಡುತ್ತಾರೆ. ಒಂದೋ ಕೂಗುತ್ತಾರೆ, ಇಲ್ಲ ‘ಪ್ಲೀಸ್, ಪ್ಲೀಸ್’ ಅಂತ ಬೇಡುತ್ತಾರೆ. ಎರಡೂ ನಡೆಯಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಒಳಗೆ ಕರೆದುಕೊಳ್ಳಿ. ಗಲಾಟೆ ನಿಲ್ಲುವವರೆಗೆ ಸುಮ್ಮನೆ ನಿಲ್ಲಿ. ನಿಯಮದಲ್ಲಿ ಬರೆದ ಮಾತನ್ನೇ, ಅದೇ ಕ್ರಮದಲ್ಲಿ, ದನಿ ಏರಿಸದೆ ಹೇಳಿ. ಹೇಳಿದ ಡಿಟೆನ್ಷನ್ ಕೊಟ್ಟೇ ಕೊಡಿ. ಒಂದು ಸಲ ಬಿಟ್ಟರೂ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಜೊತೆಗೆ ವಾರಕ್ಕೆ ಇಬ್ಬರು ಮಕ್ಕಳ ಮನೆಗೆ ಶಾಲೆಯ ಫೋನಿನಿಂದ ಕರೆ ಮಾಡಿ, ‘ನಿಮ್ಮ ಮಗ ಈ ವಾರ ಚೆನ್ನಾಗಿ ಕೆಲಸ ಮಾಡಿದ’ ಅಂತ ಹೇಳಿ. ದೂರು ಹೇಳಲು ಮಾತ್ರ ಶಾಲೆಯಿಂದ ಫೋನ್ ಬರುತ್ತೆ ಅಂದುಕೊಂಡ ತಾಯಂದಿರು ಅಲ್ಲೂ ಇದ್ದಾರೆ.

ಒಂದು ಗೆರೆ ಮಾತ್ರ ಗಟ್ಟಿಯಾಗಿ ಎಳೆದುಕೊಳ್ಳಿ. ಉಚ್ಚಾರಣೆಯ ತಮಾಷೆ ಬಣ್ಣಕ್ಕೆ, ದೇಶಕ್ಕೆ, ‘ನಿಮ್ಮೂರಿಗೆ ಹೋಗಿ’ ಅನ್ನುವುದಕ್ಕೆ ತಿರುಗಿದರೆ ಅದು ಕಲ್ಚರ್ ಶಾಕ್ ಅಲ್ಲ, ಜನಾಂಗ ನಿಂದನೆ. ಯಾರು, ಯಾವಾಗ, ಯಾವ ಮಾತು ಆಡಿದರು ಅಂತ ಅದೇ ದಿನ ಬರೆದು ಕೊಡಿ. 2010ರ ಈಕ್ವಾಲಿಟಿ ಆಕ್ಟ್, ಅಂದರೆ ಅಲ್ಲಿನ ಸಮಾನತೆಯ ಕಾನೂನು, ಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲವನ್ನೂ ಒಳಗೊಂಡಿದೆ. ‘ಹೊಸಬಳು, ಯಾಕೆ ಸುಮ್ನೆ ರಗಳೆ’ ಅಂತ ನುಂಗಿಕೊಳ್ಳಬೇಡಿ. ಶಿಕ್ಷಕರ ಯೂನಿಯನ್‌ಗೆ ಇನ್ನೂ ಸೇರಿಲ್ಲ ಅಂದರೆ ಈ ವಾರವೇ ಸೇರಿ. ಎನ್.ಇ.ಯು., ಎನ್.ಎ.ಎಸ್.ಯು.ಡಬ್ಲ್ಯು.ಟಿ. ಎರಡೂ ದೊಡ್ಡ ಯೂನಿಯನ್‌ಗಳು. ಹೊರದೇಶದಿಂದ ಬಂದವರೂ ಸೇರಬಹುದು.

ತಲೆ ಸವರಿದ ವಿಷಯಕ್ಕೆ ಬರುತ್ತೇನೆ. ‘ಅಲ್ಲಿ ಮಗುವನ್ನು ಮುಟ್ಟಿದರೆ ಜೈಲು’ ಅಂತ ನಮ್ಮ ಕಡೆ ಹೇಳುತ್ತಾರೆ. ಅದು ಸುಳ್ಳು. ಮುಟ್ಟಲೇಬಾರದು ಅನ್ನುವ ಕಾನೂನು ಇಲ್ಲ. ಬಿದ್ದ ಮಗುವನ್ನು ಎತ್ತಬಹುದು, ಅಳುವ ಮಗುವಿಗೆ ಸಮಾಧಾನ ಮಾಡಬಹುದು. ಆದರೆ ಪ್ರತಿ ಶಾಲೆಗೂ ನಡವಳಿಕೆಯ ಬರೆದ ನಿಯಮ ಇರುತ್ತದೆ. ನಿಮ್ಮನ್ನು ಕರೆದು ಹೇಳಿದ್ದು ಅನುಮಾನದಿಂದ ಅಲ್ಲ, ಹೆಚ್ಚಾಗಿ ನಿಮ್ಮ ರಕ್ಷಣೆಗೇ. ಹದಿಹರೆಯದ ಮಗುವಿಗೆ ಮುಟ್ಟುವುದು ಇಷ್ಟವಿಲ್ಲದೆಯೂ ಇರಬಹುದು. ಪಕ್ಕದಲ್ಲಿ ಕೂತು, ಟಿಶ್ಯೂ ಕೊಟ್ಟು, ‘ಯಾರನ್ನ ಕರೀಲಿ?’ ಅಂತ ಕೇಳಿ. ಬಾಗಿಲು ತೆರೆದಿರಲಿ.

ಇಲ್ಲಿ ನಿಜವಾದ ಅಪಾಯ ಇರುವುದು ಮುಟ್ಟುವುದರಲ್ಲಲ್ಲ, ಮುಚ್ಚಿಡುವುದರಲ್ಲಿ. ಯಾವುದಾದರೂ ಮಗು ‘ಮಿಸ್, ಯಾರಿಗೂ ಹೇಳಬೇಡಿ’ ಅಂತ ಮನೆಯ ಕಷ್ಟ ಹೇಳಿಕೊಂಡರೆ ನಮ್ಮ ಮನಸ್ಸು ‘ಆಯ್ತು ಮಗಾ’ ಅನ್ನುತ್ತದೆ. ಅನ್ನಬೇಡಿ. ಗುಟ್ಟು ಕಾಯುತ್ತೇನೆ ಅಂತ ಮಾತು ಕೊಡುವ ಹಾಗಿಲ್ಲ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದು, ತಡ ಮಾಡದೆ ಶಾಲೆಯಲ್ಲಿ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸೇಫ್‌ಗಾರ್ಡಿಂಗ್ ಮುಖ್ಯಸ್ಥರಿಗೆ ತಿಳಿಸಬೇಕು. ಮಕ್ಕಳಿಗೆ ನಿಮ್ಮ ಸ್ವಂತ ಫೋನ್ ನಂಬರ್ ಕೊಡಬೇಡಿ. ಇನ್‌ಸ್ಟಾಗ್ರಾಂನಲ್ಲಿ ಸೇರಿಸಿಕೊಳ್ಳಬೇಡಿ. ನಮ್ಮೂರಲ್ಲಿ ಮಕ್ಕಳು ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಲೆಕ್ಕ ಕೇಳುವುದು ಮಾಮೂಲು. ಅಲ್ಲಿ ಅದು ಕೆಲಸಕ್ಕೇ ಕುತ್ತು.

‘ಯೋಚನೆ ಮಾಡಬಹುದೇನೋ’ ಅನ್ನುವ ಮಾತಿಗೆ ನೀವು ಪೆಟ್ಟು ತಿಂದಿರಿ. ಅಲ್ಲಿ ಮೇಲಿನವರ ಬಾಯಲ್ಲಿ ‘ಯು ಮೈಟ್ ವಾಂಟ್ ಟು’ ಬಂದರೆ ಅದು ಆಜ್ಞೆ. ‘ಕ್ವೈಟ್ ಗುಡ್’ ಅಂದರೆ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತಲೂ ಇರಬಹುದು. ಇದು ಮೋಸ ಅಲ್ಲ. ‘ನೋಡೋಣ ಬಿಡ್ರೀ’ ಅಂದರೆ ಆಗಲ್ಲ ಅಂತ ದಾವಣಗೆರೆಯ ಚಿಕ್ಕ ಮಗುವಿಗೂ ಗೊತ್ತು. ಹೊರಗಿನವರಿಗೆ ಗೊತ್ತಾಗುತ್ತಾ? ಪ್ರತಿ ಭೇಟಿಯ ಕೊನೆಗೆ ನೇರ ಕೇಳಿ: ‘ನಾನು ಇದನ್ನು ಮಾಡಲೇಬೇಕಾ? ಯಾವತ್ತಿನ ಒಳಗೆ?’ ಆಮೇಲೆ ಎರಡು ಸಾಲಿನ ಇಮೇಲ್ ಹಾಕಿ, ನೀವು ಹೀಗೆ ಹೇಳಿದಿರಿ, ಇಂಥ ದಿನದೊಳಗೆ ಮಾಡುತ್ತೇನೆ ಅಂತ. ಈಗ ಬರೆದು ಕೊಟ್ಟಿದ್ದಾರಲ್ಲ, ಅದಕ್ಕೂ ಉತ್ತರ ಬರೆಯಿರಿ. ನಾನು ಇದನ್ನು ಸಲಹೆ ಅಂತ ತಿಳಿದೆ, ಈಗ ಪ್ಲ್ಯಾನ್ ಮಾಡಿದ್ದೇನೆ, ಬಂದು ನೋಡಿ ಅಂತ. ಕ್ಷಮೆಯ ಮೇಲೆ ಕ್ಷಮೆ ಕೇಳಬೇಡಿ.

ಈಗ ನಿದ್ದೆ, ಹೊಟ್ಟೆ ತೊಳಸುವುದು. ನಾನು ಡಾಕ್ಟರ್ ಅಲ್ಲ, ಆದರೆ ಇಷ್ಟು ಹೇಳಬಲ್ಲೆ. ಕಲ್ಚರ್ ಶಾಕ್ ಅಲೆಯ ಹಾಗೆ ಬಂದು ಹೋಗುತ್ತದೆ. ಶನಿವಾರ ಒಂದು ರೊಟ್ಟಿ ತಟ್ಟಿ ಎಣ್ಣೆಗಾಯಿ ಮಾಡಿಕೊಂಡರೆ, ಮಗನ ಜೊತೆ ಮಾತಾಡಿದರೆ ಹಗುರಾಗುತ್ತದೆ. ಎರಡು ವಾರಕ್ಕೂ ಹೆಚ್ಚು, ಹೆಚ್ಚೂಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದರೆ, ಮಗನ ಮಾತೂ ಖುಷಿ ಕೊಡದಿದ್ದರೆ, ಊಟ-ನಿದ್ದೆ ಎರಡೂ ಕೆಟ್ಟು ನಾನು ಯಾತಕ್ಕೂ ಬಾರದವಳು ಅನಿಸುತ್ತಿದ್ದರೆ, ಅದು ಬೇರೆ. ಆಗ ಕಾಯಬೇಡಿ. ನಿಮ್ಮ ಜಿ.ಪಿ., ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ. ಇನ್ನೂ ಜಿ.ಪಿ. ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿಲ್ಲ ಅಂದರೆ ಮೊದಲು ಅದನ್ನು ಮಾಡಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್.ನ ‘ಟಾಕಿಂಗ್ ಥೆರಪೀಸ್’ ಎಂಬ ಆಪ್ತಸಮಾಲೋಚನೆ ಸೇವೆಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ಶಿಕ್ಷಕರಿಗೆಂದೇ ‘ಎಜುಕೇಶನ್ ಸಪೋರ್ಟ್’ ಅನ್ನುವ ಸಂಸ್ಥೆಯ ಉಚಿತ ಸಹಾಯವಾಣಿ ಇದೆ: 08000 562 561. ಬದುಕೇ ಬೇಡ ಅನ್ನುವ ಯೋಚನೆ ಒಂದೇ ಒಂದು ಸಲ ಬಂದರೂ ಸಂಕಟದಲ್ಲಿರುವವರ ಮಾತು ಕೇಳುವ ಸಂಸ್ಥೆಯಾದ ಸಮಾರಿಟನ್ಸ್‌ಗೆ 116 123ಕ್ಕೆ ಕರೆ ಮಾಡಿ, ಹಗಲಿರುಳು ಎತ್ತುತ್ತಾರೆ. ಡಾಕ್ಟರ್ ಹತ್ತಿರ ಹೋದರೆ ವೀಸಾಕ್ಕೆ ತೊಂದರೆ ಅನ್ನುವ ಹೆದರಿಕೆ ನಮ್ಮವರಲ್ಲಿ ಇದೆ. ಖಿನ್ನತೆಗೆ ಚಿಕಿತ್ಸೆ ಪಡೆದಿದ್ದಕ್ಕೆ ಕೆಲಸದ ವೀಸಾ ಹೋಗುವುದಿಲ್ಲ.

ಕತ್ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಾವಣಗೆರೆಯಲ್ಲಿ ಅತಿ ಚಿಕ್ಕ ಹಗಲು ಅಂದರೂ 11 ಗಂಟೆಗೆ ಮೇಲೇ. ಮ್ಯಾಂಚೆಸ್ಟರ್‌ನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು 8.20ರ ಸುಮಾರಿಗೆ, ಮುಳುಗುವುದು 4 ಗಂಟೆಗೂ ಮುಂಚೆ. ಹಗಲು ಏಳೂವರೆ ಗಂಟೆ, ಅದೂ ಮೋಡದ ಹಿಂದೆ. ನಮ್ಮೂರನ್ನು ಹತ್ತಿ ಗಿರಣಿಗಳ ಕಾಲದಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರೆ. ಗಿರಣಿ ಇದ್ದಿರಬಹುದು, ಬಿಸಿಲಿನಲ್ಲಿ ಮಾತ್ರ ಎರಡೂ ಊರಿಗೆ ಹೋಲಿಕೆಯೇ ಇಲ್ಲ. ಮಧ್ಯಾಹ್ನದ ಬಿಡುವಿನಲ್ಲಿ 20 ನಿಮಿಷ ಹೊರಗೆ ನಡೆಯಿರಿ, ಮಳೆ ಇದ್ದರೂ. ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವುದು ಒಳ್ಳೆಯದು, ನಮ್ಮಂಥ ಕಪ್ಪು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕು ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ಈಗ ಹಗಲು ದಿನದಿನಕ್ಕೆ ಉದ್ದವಾಗುತ್ತಿದೆ. ಮಾರ್ಚ್ ಹೊತ್ತಿಗೆ ಆರು ಗಂಟೆಗೂ ಬೆಳಕಿರುತ್ತದೆ.

ಕೊನೆಯದು, ಇರುವುದೋ ಬರುವುದೋ.

ನಾಳೆಯೇ ಟಿಕೆಟ್ ತೆಗೆದು ಬಂದುಬಿಡುವುದು ಒಂದು ದಾರಿ. ಆರೋಗ್ಯ ಪೂರ್ತಿ ಕೆಟ್ಟಿದ್ದರೆ ಅದನ್ನೇ ಮಾಡಿ, ನಾನು ಬೇಡ ಅನ್ನುವುದಿಲ್ಲ. ಇಲ್ಲದಿದ್ದರೆ ಹಾಗೆ ಮಾಡಬೇಡಿ. ಅಲ್ಲಿ ಶಿಕ್ಷಕರು ಸಾಮಾನ್ಯವಾಗಿ ಟರ್ಮ್ ಕೊನೆಗೆ ಮಾತ್ರ ಬಿಡಬಹುದು. ಏಪ್ರಿಲ್ 30ಕ್ಕೆ ಬಿಡಬೇಕಾದರೆ ಫೆಬ್ರವರಿ ಕೊನೆಯೊಳಗೆ, ಆಗಸ್ಟ್ 31ಕ್ಕೆ ಬಿಡಬೇಕಾದರೆ ಮೇ 31ರೊಳಗೆ ರಾಜೀನಾಮೆ ಕೊಡಬೇಕು. ನಿಮ್ಮ ಕರಾರು ಪತ್ರದಲ್ಲಿ ದಿನಾಂಕ ನೋಡಿಕೊಳ್ಳಿ. ಶಾಲೆ ನಿಮಗೆ ಬರುವ ಖರ್ಚು ಕೊಟ್ಟಿದ್ದರೆ ಅದನ್ನು ವಾಪಸ್ ಕೇಳುವ ಷರತ್ತು ಇದೆಯಾ ಅಂತಲೂ ಓದಿ. ಹೇಳದೆ ಬಂದರೆ ಒಳ್ಳೆಯ ರೆಫರೆನ್ಸ್ ಕಳೆದುಕೊಳ್ಳುತ್ತೀರಿ.

ಅಲ್ಲೇ ಬೇರೆ ಶಾಲೆಗೆ ಹೋಗುವುದು ಇನ್ನೊಂದು ದಾರಿ. ಫಿಸಿಕ್ಸ್ ಶಿಕ್ಷಕರ ಕೊರತೆ ಅಲ್ಲಿ ಬಹಳ ವರ್ಷಗಳಿಂದ ಇದೆ, ನಿಮಗೆ ಅದು ಅನುಕೂಲ. ಆದರೆ ಹೊಸ ಶಾಲೆಗೆ ಸ್ಪಾನ್ಸರ್ ಮಾಡುವ, ಅಂದರೆ ಹೊರದೇಶದವರನ್ನು ವೀಸಾ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವ ಪರವಾನಗಿ ಇರಬೇಕು, ಕೆಲಸಕ್ಕೆ ಸೇರುವ ಮುಂಚೆ ವೀಸಾ ಬದಲಾಗಬೇಕು. ಹಳೆಯ ಕೆಲಸ ಬಿಟ್ಟು ಆಮೇಲೆ ಹುಡುಕುತ್ತೇನೆ ಅಂದರೆ ಸಾಮಾನ್ಯವಾಗಿ ಸಿಗುವುದು 60 ದಿನ ಮಾತ್ರ. ನನಗೆ ಕಂಡಂತೆ ನಿಮ್ಮ ಶಾಲೆ ಕೆಟ್ಟದ್ದಲ್ಲ, ಹೊಸಬರಿಗೆ ದಾರಿ ತೋರಿಸಲು ಸರಿಯಾಗಿ ವ್ಯವಸ್ಥೆ ಮಾಡಿಲ್ಲ. ಒಬ್ಬ ಮೆಂಟರ್‌ನ ಕೊಡಿ, ವಾರಕ್ಕೆ ಅರ್ಧ ಗಂಟೆ ಸಿಗಲಿ ಅಂತ ಬಾಯಿಬಿಟ್ಟು ಕೇಳಿ. ಕೇಳಿಯೂ ಕೊಡದಿದ್ದರೆ ಶಾಲೆ ಬದಲಿಸುವುದು ನ್ಯಾಯ.

ಮನೆಯವರನ್ನು ಕರೆಸಿಕೊಳ್ಳುವುದನ್ನು ನೀವು ಪತ್ರದಲ್ಲಿ ಎತ್ತಿಯೇ ಇಲ್ಲ. ನಿಮ್ಮ ವೀಸಾದಲ್ಲಿ ಗಂಡ ಮತ್ತು ಮಗು ಬರಲು ಅವಕಾಶ ಇದೆ. ಸರ್ಕಾರಿ ಶಾಲೆಯಲ್ಲಿ ಮಗನಿಗೆ ಫೀಸ್ ಇಲ್ಲ. ಖರ್ಚು ಮಾತ್ರ ಜೋರು. 2024ರಿಂದ ಆರೋಗ್ಯ ಶುಲ್ಕವೇ ವರ್ಷಕ್ಕೆ ದೊಡ್ಡವರಿಗೆ 1,035 ಪೌಂಡ್, ಮಗುವಿಗೆ 776 ಪೌಂಡ್, ವೀಸಾದ ಅಷ್ಟೂ ವರ್ಷದ್ದನ್ನು ಮೊದಲೇ ಕಟ್ಟಬೇಕು. ಯಜಮಾನರಿಗೆ ಅಲ್ಲಿ ಏನು ಕೆಲಸ ಅನ್ನುವುದೂ ಇದೆ. ಆದರೂ ‘ಒಂದು ವರ್ಷ ತಾಳು’ ಅನ್ನುವ ಬದಲು ಇಬ್ಬರೂ ಕೂತು ಈ ಲೆಕ್ಕ ಹಾಕಿ. ನಿಮ್ಮ ಪತ್ರದ ಸಣ್ಣ ಸಣ್ಣ ಚುಚ್ಚುಗಳ ಕೆಳಗೆ ನನಗೆ ಕೇಳಿಸಿದ್ದು ಆ ಮಗುವಿನ ದೂರವೇ. ಎಷ್ಟು ಗುರುತು ಕಲಿತರೂ ಅದು ಕಡಿಮೆ ಆಗುವುದಿಲ್ಲ. ಅದನ್ನು ಕಲ್ಚರ್ ಶಾಕ್ ಅನ್ನುವ ಡಬ್ಬಿಗೆ ಹಾಕಿ ಮುಚ್ಚಬೇಡಿ.

ವಾಪಸ್ ಬಂದರೆ ಜನ ಏನಂತಾರೆ ಅನ್ನುವ ಚಿಂತೆ ಇರುತ್ತದೆ. ಪಿ.ಜೆ. ಬಡಾವಣೆಯಲ್ಲಿ ನಾಲ್ಕು ದಿನ ಮಾತಾಡಿಯಾರು. ಬಂದವರಿಗೆ ಇಲ್ಲಿಯೂ ಕೆಲವು ತಿಂಗಳು ಹೊಂದಿಕೊಳ್ಳಲು ಕಷ್ಟವಾಗುತ್ತದೆ, ನನಗೂ ಆಗಿತ್ತು. ಆ ಮಾತಿಗೆ ಹೆದರಿ ಅಲ್ಲಿ ಇರಬೇಡಿ, ಡಬ್ಬಿ ವಾಪಸ್ ಬಂತು ಅಂತ ಇಲ್ಲಿಗೂ ಬರಬೇಡಿ.

ಫೆಬ್ರವರಿ ನಡುವೆ ನಿಮಗೆ ಒಂದು ವಾರ ಹಾಫ್ ಟರ್ಮ್ ರಜೆ ಇದೆ. ರಾಜೀನಾಮೆಯ ಗಡುವು ಅದಾದ ಮೇಲೆ. ಅಲ್ಲಿಯವರೆಗೆ ನಿರ್ಧಾರ ಮುಂದಕ್ಕೆ ಹಾಕಿ. ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ದಿನದಲ್ಲಿ ಒಂದಾದರೂ ಒಳ್ಳೆಯ ಗಳಿಗೆ ಇತ್ತಾ ಅಂತ ದಿನಾ ಒಂದು ಸಾಲು ಬರೆದಿಡಿ. ಶಾಲೆ ಬಿಡುವ 3.15ಕ್ಕೆ ಊರಲ್ಲಿ ರಾತ್ರಿ 8.45, ಮಗ ಮಲಗುವ ಹೊತ್ತು. ಮನೆ ಮುಟ್ಟುವವರೆಗೆ ಕಾಯದೆ ಶಾಲೆಯ ಗೇಟು ದಾಟಿದ ಕೂಡಲೇ ಅವನಿಗೆ ಫೋನ್ ಮಾಡಿ, ಕತೆ ಹೇಳಿ ಮಲಗಿಸಿ. ಡಬ್ಬಿಯಲ್ಲಿ ಎಳ್ಳು-ಬೆಲ್ಲ ಉಳಿದಿದ್ದರೆ ಶನಿವಾರ ಕೂತು ನೀವೇ ತಿನ್ನಿ. ರಜೆ ಮುಗಿಯುವ ಮುಂಚೆ ಆ ಸಾಲುಗಳನ್ನು ನನಗೆ ಕಳಿಸಿ. ಯಜಮಾನರ ಲೆಕ್ಕದ ಹಾಳೆಯನ್ನೂ ಜೊತೆಗಿಡಿ, ಒಟ್ಟಿಗೆ ನೋಡೋಣ.